ಇಪ್ಪತ್ತು ಮೈಕ್ರೋಲೀಟರ್

1990ರ ದಶಕದ ಕೊನೆಯಲ್ಲಿ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಔಷಧ ಕಾರ್ಖಾನೆಯೊಂದರ ಕ್ಯೂಸಿ (ಗುಣಮಟ್ಟ ಪರೀಕ್ಷೆಯ) ಲ್ಯಾಬಿಗೆ ಸೇರಿದೆ. ಅಲ್ಲಿಯ ತನಕ ಎಚ್‌ಪಿಎಲ್‌ಸಿ ಯಂತ್ರವನ್ನು ಪುಸ್ತಕದ ಚಿತ್ರದಲ್ಲಷ್ಟೇ ಕಂಡಿದ್ದೆ. ಮಾತ್ರೆಯೊಳಗೆ ಔಷಧ ಎಷ್ಟಿದೆ, ಕಲ್ಮಶ ಎಷ್ಟಿದೆ ಎಂದು ಬೇರ್ಪಡಿಸಿ ಅಳೆಯುವ ಯಂತ್ರ ಅದು. ಪಂಪು, ಡಿಟೆಕ್ಟರು ತಮ್ಮಷ್ಟಕ್ಕೆ ನಡೆಯುತ್ತಿದ್ದವು. ಸ್ಯಾಂಪಲ್ ಒಳಗೆ ಬಿಡುವುದು ಮಾತ್ರ ಕೈಕೆಲಸ.

ಸ್ಯಾಂಪಲ್ ಬಿಡುವ ರಿಯೋಡೈನ್ ವಾಲ್ವಿಗೆ ಒಂದು ಹಿಡಿ, ಎರಡು ಸ್ಥಾನ: ಲೋಡ್, ಇಂಜೆಕ್ಟ್. ಅದರ ಲೂಪ್ ಎಂಬ ಕೊಳವೆಯಲ್ಲಿ ಹಿಡಿಯುವುದು 20 ಮೈಕ್ರೋಲೀಟರ್, ಒಂದು ಹನಿಯ ಅರ್ಧವೂ ಅಲ್ಲ. ಹಾಗಂತ 20 ಮಾತ್ರ ತಳ್ಳಿದರೆ ಲೂಪ್ ತುಂಬದು. ಸಣ್ಣ ಕೊಳವೆಯಲ್ಲಿ ದ್ರವ ನಡುವೆ ಜೋರಾಗಿ, ಗೋಡೆಯ ಬಳಿ ನಿಧಾನವಾಗಿ ಹರಿಯುತ್ತದೆ. ಲೂಪಿನಲ್ಲಿದ್ದ ಹಳೆಯ ದ್ರವ ಗೋಡೆಗೆ ಉಳಿದುಕೊಳ್ಳುತ್ತದೆ. ಅದಕ್ಕೆ ಸಿರಿಂಜಿನಲ್ಲಿ ನೂರರಷ್ಟು ಎಳೆದು, ಸೂಜಿ ಮೇಲೆ ಮಾಡಿ ಬೆರಳಿನಿಂದ ತಟ್ಟಿ ಗುಳ್ಳೆ ಬಿಡಿಸಿ, ಸೂಜಿಯನ್ನು ಕೊನೆಯ ತನಕ ಇಳಿಸಿ ತಳ್ಳುತ್ತಿದ್ದೆವು. ಹೆಚ್ಚಾದದ್ದು ವೇಸ್ಟಿಗೆ ಹೋಗುತ್ತಿತ್ತು. ಆಮೇಲೆ ಸೂಜಿ ತೆಗೆಯದೆಯೇ ಹಿಡಿಯನ್ನು ಒಂದೇ ಸಲಕ್ಕೆ ತಿರುಗಿಸಬೇಕು. ನಡುವೆ ತಡೆದರೆ ಹರಿವು ಕಟ್ಟಿ ಪ್ರೆಷರ್ ಏರುತ್ತಿತ್ತು. ಸೂಜಿಯ ತುದಿ ಮೊಂಡಾಗಿಯೇ ಇರಬೇಕು. ಚೂಪಾದದ್ದು ಒಳಗಿನ ರೋಟರ್ ಸೀಲನ್ನು ಗೀರಿಬಿಡುತ್ತದೆ.

ಒಂದು ರನ್ ಅರ್ಧ ಗಂಟೆಯದಾದರೆ ಲೆಕ್ಕ ಹೀಗೆ: ಔಷಧವಿಲ್ಲದ ಒಂದು ಬ್ಲ್ಯಾಂಕ್, ಪ್ರಮಾಣ ಗೊತ್ತಿರುವ ಔಷಧದ ಐದು ಸ್ಟ್ಯಾಂಡರ್ಡ್, ಪ್ರತಿ ಮಾತ್ರೆಯಲ್ಲೂ ಔಷಧ ಸಮನಾಗಿದೆಯೇ ಎಂದು ನೋಡುವ ಕಂಟೆಂಟ್ ಯೂನಿಫಾರ್ಮಿಟಿಗೆ ಹತ್ತು ಮಾತ್ರೆ. ಅಲ್ಲಿಗೇ ಎಂಟು ತಾಸು, ಅಂದರೆ ಪೂರಾ ಒಂದು ಶಿಫ್ಟ್. ಕೊನೆಗೆ ಮತ್ತೊಂದು ಸ್ಟ್ಯಾಂಡರ್ಡ್ ಬೇರೆ. ಪ್ರತಿ ಅರ್ಧ ಗಂಟೆಗೆ ಯಾರಾದರೂ ಯಂತ್ರದ ಮುಂದೆ ಇರಲೇಬೇಕಿತ್ತು. ನಾನು ಭಾಲ್ಕಿಯವನು, ನಮ್ಮೂರಿಗೆ ರೈಲಾದರೂ ಇತ್ತು. ಔರಾದಿನಿಂದ ಬರುತ್ತಿದ್ದ ಗೆಳೆಯನಿಗೆ ಬಸ್ಸೊಂದೇ ಗತಿ. "ಬಸ್ ಹೋದ್ರ ಹೋಗ್ಲಿ, ಕೊನೀ ಸ್ಟ್ಯಾಂಡರ್ಡ್ ಹೊಡದೇ ಏಳು" ಎನ್ನುತ್ತಿದ್ದರು ಹಿರಿಯರು. ಅವನು ಎಷ್ಟೋ ರಾತ್ರಿ ಲ್ಯಾಬಿನ ಪಕ್ಕದ ಕೋಣೆಯಲ್ಲೇ ಮಲಗಿದ್ದಾನೆ. ನಡುವೆ ಕರೆಂಟ್ ಹೋದರಂತೂ ಔಷಧ, ಕಲ್ಮಶ ಬೇರ್ಪಡಿಸುವ ಕಾಲಮ್ಮನ್ನು ಮತ್ತೆ ಹದಕ್ಕೆ ತಂದು ಮೊದಲಿನಿಂದ ಶುರು.

ಆ ಕೈಚಳಕದ ಕಾಲವೇ ಚೆನ್ನಾಗಿತ್ತು ಎನ್ನುವ ಹಳಬರಿದ್ದಾರೆ. ನಾನು ಒಪ್ಪುವುದಿಲ್ಲ. ಐದು ಸ್ಟ್ಯಾಂಡರ್ಡ್‌ಗಳ ಆರ್‌ಎಸ್‌ಡಿ (ಫಲಿತಾಂಶಗಳ ನಡುವಿನ ಏರುಪೇರಿನ ಅಳತೆ) ಶೇಕಡಾ 2.0 ದಾಟಬಾರದು ಎಂಬುದು ನಿಯಮ. ಬೆಳಗಿನ ಕೈ, ನಡುರಾತ್ರಿಯ ಕೈ ಒಂದೇ ಅಲ್ಲ. ಯಾವ ಇಂಜೆಕ್ಷನ್ ಸರಿ ಬಂದಿಲ್ಲವೋ ಅದರ ಪ್ರಿಂಟನ್ನು ಹರಿದು ಇನ್ನೊಂದು ಹೊಡೆಯಲು ಆ ಕಾಗದದ ದಿನಗಳಲ್ಲಿ ಜಾಗವಿತ್ತು. ಔಷಧ ನುಂಗುವವರಿಗೆ ಅದರಿಂದ ಒಳ್ಳೆಯದೇನೂ ಆಗಲಿಲ್ಲ.

ಆಟೋಸ್ಯಾಂಪ್ಲರ್ ಬಂದ ಮೇಲೆ ಎರಡು ಎಂಎಲ್ ವಯಲ್‌ಗಳನ್ನು ಟ್ರೇಯಲ್ಲಿಟ್ಟು, ಕಂಪ್ಯೂಟರಿನಲ್ಲಿ ಸೀಕ್ವೆನ್ಸ್ ಹಚ್ಚಿದರೆ ಆಯಿತು. ಸೂಜಿ ತಾನೇ ಎಳೆಯುತ್ತದೆ, ತಾನೇ ತೊಳೆದುಕೊಳ್ಳುತ್ತದೆ. ಪ್ರತಿ ಇಂಜೆಕ್ಷನ್ನಿಗೂ ಹೊತ್ತು, ಹೆಸರು ಆಡಿಟ್ ಟ್ರೇಲ್ ಎಂಬ ಕಂಪ್ಯೂಟರ್ ದಾಖಲೆಯಲ್ಲಿ ಕೂರುತ್ತದೆ. ಅಮೆರಿಕದ ಎಫ್‌ಡಿಎ ವಿದ್ಯುನ್ಮಾನ ದಾಖಲೆಗಳ ನಿಯಮ ತಂದದ್ದು 1997ರಲ್ಲಿ. ಔಷಧ ತಯಾರಿಕೆಗೆ ನಮ್ಮ ದೇಶದ ನಿಯಮವಾದ ಶೆಡ್ಯೂಲ್ ಎಂ ಪರಿಷ್ಕೃತವಾಗಿ ಹೊರಬಿದ್ದದ್ದು 2023ರ ಡಿಸೆಂಬರಿನಲ್ಲಿ. ತಡವಾಯಿತು, ಆದರೂ ಬಂತಲ್ಲ.

ಯಂತ್ರಕ್ಕೆ ಗೊತ್ತಾಗದ್ದೂ ಇದೆ. ಏಳನೇ ಗುಂಡಿಯಲ್ಲಿ ಎಂಟನೇ ವಯಲ್ ಇಟ್ಟರೆ ಅದನ್ನೇ ನಿಖರವಾಗಿ ಇಂಜೆಕ್ಟ್ ಮಾಡುತ್ತದೆ. ವಯಲ್‌ನಲ್ಲಿ ದ್ರಾವಣ ಸಾಲದಿದ್ದರೆ ಗಾಳಿಯನ್ನು ಎಳೆಯುತ್ತದೆ. ಮುಂಚೆ ಸಿರಿಂಜ್ ಹಿಡಿದಾಗ ಇದ್ದ ಎಚ್ಚರವೆಲ್ಲ ಈಗ ತೂಕ ಮಾಡುವಾಗ, ಸೋಸುವಾಗ, ಲೇಬಲ್ ಬರೆಯುವಾಗ ಬೇಕು. ಹೊಸಬರಿಗೆ ನಾನು ಮೊದಲು ತೋರಿಸುವುದು ಆಟೋಸ್ಯಾಂಪ್ಲರಿನ ಒಳಗಿನ ವಾಲ್ವನ್ನು. ಅಲ್ಲಿಯೂ ಅದೇ ಆರು ರಂಧ್ರ, ಅದೇ ರೋಟರ್ ಸೀಲ್.

ಈಗ ಔರಾದಿನ ಹುಡುಗಿಯೊಬ್ಬಳು ನಮ್ಮ ಲ್ಯಾಬಿನಲ್ಲಿದ್ದಾಳೆ. "ಸರ್, ಸೀಕ್ವೆನ್ಸ್ ಹಚ್ಚೀನ್ರಿ, ಹೋಗಿ ಬರ್ತೀನಿ" ಎಂದು ಸಂಜೆ ಬಸ್ಸಿಗೆ ಹೊರಡುತ್ತಾಳೆ. ಮೊನ್ನೆ ಬೆಳಗ್ಗೆ ಬಂದು ನೋಡಿದರೆ ಸ್ಟ್ಯಾಂಡರ್ಡ್‌ಗಳ ಪೀಕ್ ಏರಿಯಾ (ಔಷಧದ ಪ್ರಮಾಣ ತೋರಿಸುವ ಅಂಕಿ) ಒಂದರಿಂದೊಂದಕ್ಕೆ ಇಳಿದಿತ್ತು. ಅವಳು ಮರಳಿ ಇಂಜೆಕ್ಟ್ ಮಾಡಲಿಲ್ಲ. ವಯಲ್‌ಗಳ ಮಟ್ಟ ನೋಡಿದಳು, ಸೂಜಿ ನೋಡಿದಳು, ವಾಲ್ವ್ ಬಿಚ್ಚಿಸಿ ಸೀಲಿನ ಮೇಲಿನ ಗೀರು ನನಗೆ ತೋರಿಸಿದಳು. ರಾತ್ರಿಯ ರನ್‌ಗಳನ್ನೆಲ್ಲ ಇದ್ದ ಹಾಗೆಯೇ ಉಳಿಸಿ, ಲಾಗ್‌ಬುಕ್ಕಿನಲ್ಲಿ ಕಾರಣ ಬರೆದು, ಹೊಸ ಸೀಲ್ ಹಾಕಿಸಿ ಬ್ಲ್ಯಾಂಕಿನಿಂದ ಶುರು ಮಾಡಿದಳು. ಬ್ಯಾಚ್ ಒಂದು ದಿನ ತಡವಾಗಿ ಹೊರಟಿತು.