ಲೇಓವರ್ ಊಟಕ್ಕೆ ಅಮ್ಮನೂ ಜೊತೆ

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಹುಡುಗಿ ನಾನು, ಈಗ ಗಗನಸಖಿ. ಲೇಓವರ್ ಅಂದ್ರೆ ದೇಶ ಸುತ್ತಿ ತಿನ್ನೋದು ಅಂತ ಎಲ್ಲರೂ ಅಂದ್ಕೋತಾರೆ. ನಿಜ ಏನಪ್ಪಾ ಅಂದ್ರೆ, ಮೊದಲ ವರ್ಷ ನಾನು ಹೋಟೆಲ್ ರೂಮಲ್ಲಿ ಕಪ್ ನೂಡಲ್ಸ್ ತಿಂದೇ ಕಳೆದೆ. ಒಬ್ಬಳೇ ಹೊರಗೆ ಕೂತು ಉಣ್ಣೋಕೆ ಮುಜುಗರ!

ಅದು ಬಿಟ್ಟಿದ್ದು ಸಿಂಗಪುರದಲ್ಲಿ. ಅಲ್ಲಿನ ಹಾಕರ್ ಸೆಂಟರ್‌ಗಳಲ್ಲಿ ಒಂದೇ ಸೂರಿನಡಿ ಹತ್ತಾರು ಅಂಗಡಿಗಳು, ಟೇಬಲ್ ಮಾತ್ರ ಎಲ್ಲರದ್ದೂ. 2020ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದ ಸಂಸ್ಕೃತಿ ಇದು. ಸೀಟಿನ ಮೇಲೆ ಟಿಶ್ಯೂ ಪೊಟ್ಟಣ ಇಟ್ಟರೆ ಜಾಗ ನಿಮ್ಮದು. ನಮ್ಮ ಬಸ್ಸಲ್ಲಿ ಟವೆಲ್ ಹಾಕಿದಂಗೆ!

ಲಿಟ್ಲ್ ಇಂಡಿಯಾದ ಟೆಕ್ಕಾ ಸೆಂಟರ್‌ನಲ್ಲಿ ದೋಸೆ ತಗೊಂಡೆ. ಚೆನ್ನಾಗಿತ್ತು. ಆದರೆ ಹಿಟ್ಟಿಗೆ ಮಂಡಕ್ಕಿ ಸೇರಿಸಿ ರುಬ್ಬಿ, ಮೇಲೆ ಬಿಳಿ ಬೆಣ್ಣೆ ಸುರಿಯುವ ನಮ್ಮೂರ ದೋಸೆ ನೆನಪಾಗಿ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಅಲ್ಲಿ ರಾತ್ರಿ ಹತ್ತೂವರೆ, ಊರಲ್ಲಿ ಎಂಟು.

“ಏನ್ ಉಂಡ್ಯಮ್ಮ?”

“ಮಧ್ಯಾಹ್ನದ ಅನ್ನಕ್ಕೇ ಮಜ್ಜಿಗಿ ಹಾಕ್ಕಂಡೆ. ಒಬ್ಬಳಿಗೆ ಏನ್ ಮಾಡ್ಕಳ್ಳದು ಬಿಡು.”

ಅಪ್ಪ ಹೋದ ಮೇಲೆ ಅವಳೂ ಒಬ್ಬಳೇ ಉಣ್ಣುತ್ತಿದ್ದಾಳೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ.

ಅವತ್ತಿಂದ ಯಾವ ಊರಲ್ಲೇ ಇಳಿದರೂ ನೀರಿನ ಬಾಟಲಿಗೆ ಫೋನ್ ಒರಗಿಸಿ ಕೂರ್ತೀನಿ. ಅಮ್ಮನೂ ತಟ್ಟೆ ತರ್ತಾಳೆ. ಮಗಳು ನೋಡ್ತಾಳೆ ಅಂತಾದರೂ ರೊಟ್ಟಿ, ಪಲ್ಯ ಮಾಡ್ಕೊಳ್ತಾಳೆ.

ರಜೆಗೆ ಬಂದಾಗ ಇಬ್ಬರೂ ಬೆಣ್ಣೆ ದೋಸೆಗೆ ಹೋಗ್ತೀವಿ. ಆಗ ಫೋನ್ ಬ್ಯಾಗಲ್ಲೇ ಇರುತ್ತೆ.