ಸೇವಾ ಪ್ರಶಸ್ತಿಗೆ ಒಂದು ಹೆಸರು

ನಮ್ಮ ಸಂಶೋಧಕರ ಸಂಘದ ಸೇವಾ ಪ್ರಶಸ್ತಿಗೆ ಸಹೋದ್ಯೋಗಿಯೊಬ್ಬರ ಹೆಸರು ಸೂಚಿಸೋಣ ಅಂತ ಕೂತರೆ, ನಮೂನೆಯಲ್ಲಿ ಮೊದಲ ಪ್ರಶ್ನೆಯೇ 'ಪ್ರಕಟಿತ ಕೃತಿಗಳು'. ಅಲ್ಲ ಸ್ವಾಮಿ, ಸೇವೆಗೆ ಕೊಡೋ ಪ್ರಶಸ್ತಿಗೂ ಪುಸ್ತಕದ ಪಟ್ಟಿಯೇ ಬೇಕಾ?

ಈ ಮೇಡಂ ಮಾಡಿದ್ದು ಬೇರೆಯದೇ ಕೆಲಸ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಪ್ರತಿ ವರ್ಷ ಆಡಳಿತ ಮಂಡಳಿಯ ಪಟ್ಟಿ, ಆಡಿಟ್ ಆದ ಲೆಕ್ಕಪತ್ರ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಆ ಫೈಲು ಹೊತ್ತು ಅಲೆದವರು ಇವರು. ಸಮ್ಮೇಳನದ ಸಂಪುಟ ಅಚ್ಚಿಗೆ ಹೋಗುವ ಮುನ್ನ ಅಡಿಟಿಪ್ಪಣಿಗಳ ಪುಟಸಂಖ್ಯೆಯನ್ನು ಒಂದೊಂದಾಗಿ ಮೂಲಕ್ಕೆ ತಾಳೆ ನೋಡಿ ಕೆಂಪು ಪೆನ್ನಲ್ಲಿ ತಿದ್ದಿದವರೂ ಇವರೇ. ಮುನ್ನುಡಿಯ ಕೃತಜ್ಞತೆಯಲ್ಲಿ ಮಾತ್ರ 'ಮತ್ತಿತರರು'!

ಬೇರೆ ಕಡೆ ನೋಡಿ: ಮ್ಯಾಥಮ್ಯಾಟಿಕಲ್ ಅಸೋಸಿಯೇಷನ್ ಆಫ್ ಅಮೆರಿಕ ತನ್ನ ಪ್ರಾದೇಶಿಕ ವಿಭಾಗಗಳಲ್ಲಿ ದುಡಿದವರಿಗೂ ಸೇವೆಗಾಗಿ ಪ್ರಮಾಣಪತ್ರ ಕೊಡುತ್ತದೆ. ನಮ್ಮಲ್ಲಿ ಸೇವೆ ಅಂದರೆ ಬಹುತೇಕ ವೇದಿಕೆ ಮೇಲೆ ಕೂತ ವರ್ಷಗಳ ಲೆಕ್ಕ.

ಕೃತಿಗಳ ಕಾಲಂನಲ್ಲಿ ಮೇಡಂ ತಿದ್ದಿದ ಆ ಸಂಪುಟಗಳ ಹೆಸರುಗಳನ್ನೇ ಬರೆದೆ. ವಿಷಯ ತಿಳಿಸಿದರೆ ಮೇಡಂ ಅಂದದ್ದು: "ಅಯ್ಯೋ, ನನಗ್ಯಾಕೆ ಸರ್ ಅದೆಲ್ಲ? ಹಿರಿಯರು ಯಾರಿಗಾದ್ರೂ ಕೊಡಿ. ಆಡಿಟರ್ ಹತ್ರ ಹೋಗ್ಬೇಕು, ರಸೀದಿ ಪುಸ್ತಕ ಎಲ್ಲಿಟ್ರಿ?"