ಪಸರಣಿ ಘಾಟಿನಲ್ಲಿ ಬೆವೆತ ಗಾಜು

ಸರ್ಕಾರಿ ಕಚೇರಿಯ ಗುಮಾಸ್ತರಿಗೆ ಕಾರೇಕೆ ಎಂದು ವಾಚಕರು ಕೇಳಬಹುದು. ನಮ್ಮದು ಇಬ್ಬರ ಕೈ ದಾಟಿ ಬಂದ ಕಾರು. ಅದರ ಸಾಲವೊಂದೇ ಹೊಸದು.

2024ರ ಶ್ರಾವಣದಲ್ಲಿ ನಮ್ಮ ಅತ್ತೆಯವರು ಪುಣೆಗೆ ಬಂದಿದ್ದರು. ಅವರದು ಜಮಖಂಡಿಯ ಕಡೆ, ಕೃಷ್ಣೆಯ ದಂಡೆ. “ಹುಟ್ಟಿದಾಗಿಂದ ಈ ಹೊಳಿ ನೀರು ಕುಡದೀನಿ, ಅದು ಹುಟ್ಟೋ ಜಾಗಾ ಒಮ್ಮೆ ತೋರಸ್ರಿ” ಎಂದರು. ಮಹಾಬಳೇಶ್ವರ ಪುಣೆಯಿಂದ ಸುಮಾರು 120 ಕಿಲೋಮೀಟರು. ಒಲ್ಲೆನೆನ್ನಲು ನಮಗೆ ನೆಪ ಸಿಗಲಿಲ್ಲ. ಶ್ರೀಮತಿಯವರು, ಮಕ್ಕಳಿಬ್ಬರು, ಅತ್ತೆಯವರು, ನಾವು: ಒಟ್ಟು ಐದು ಮಂದಿ ಹೊರಟೆವು.

ವಾಯಿಯಲ್ಲಿ ಇಳಿದು, ಮಳೆಯಲ್ಲಿ ನೆನೆಯುತ್ತ ಢೋಲ್ಯಾ ಗಣಪತಿಗೆ ಕೈಮುಗಿದು, ಒದ್ದೆ ಕೊಡೆ, ಒದ್ದೆ ಚಪ್ಪಲಿ, ಒದ್ದೆ ಸೆರಗುಗಳ ಸಮೇತ ಮತ್ತೆ ಕಾರು ಹತ್ತಿದೆವು. ಊರು ದಾಟಿದರೆ ಪಸರಣಿ ಘಾಟು. ಚಳಿಯೆಂದು ಏಸಿ ನಿಲ್ಲಿಸಿದೆವು, ಕಿಟಕಿಗಳನ್ನು ಮುಚ್ಚಿದೆವು. ಒಳಗಿನ ಗಾಳಿಯೇ ಸುತ್ತುವಂತೆ ಗುಂಡಿಯನ್ನೂ ಒತ್ತಿದ್ದೆವು.

ಎರಡು ತಿರುವು ದಾಟುವಷ್ಟರಲ್ಲಿ ಗಾಜೆಲ್ಲ ಬೆಳ್ಳಗಾಯಿತು. ಘಾಟಿನ ಮಂಜೆಂದು ವೈಪರನ್ನು ಜೋರು ಮಾಡಿದೆವು, ಫಲವಿಲ್ಲ. ಒಂದು ಕೈಯಲ್ಲಿ ಟವೆಲು, ಒಂದು ಕೈಯಲ್ಲಿ ಚಕ್ರ. ಇದ್ದಕ್ಕಿದ್ದಂತೆ ಎದುರಿಗೇ ಬಸ್ಸಿನ ಹಾರನ್ನು! ಬಸ್ಸು ಕಂಡದ್ದು ಅದು ಪಕ್ಕದಲ್ಲಿ ಹಾದುಹೋದ ಮೇಲೆ. ಕಾರನ್ನು ಬದಿಗೆ ನಿಲ್ಲಿಸಿದಾಗ ನಮ್ಮ ಮೊಣಕಾಲು ನಡುಗುತ್ತಿತ್ತು. ಹಿಂದೆ ಮಕ್ಕಳು ಅದೇ ಗಾಜಿನ ಮೇಲೆ ಬೆರಳಿನಿಂದ ಆನೆಯ ಚಿತ್ರ ಬರೆಯುತ್ತಿದ್ದರು.

ಅತ್ತೆಯವರು ಆನೆಯನ್ನು ನೋಡಿ, “ಅಳಿಯಂದ್ರ, ಇದು ಹೊರಗಿನ ಮಂಜಲ್ಲ. ಇಡ್ಲಿ ಪಾತೇಲಿ ಮುಚ್ಚಳದಾಗ ಹನಿ ಕೂಡತಾವಲ್ಲ, ಅದು. ಹಬಿ ನಮ್ಮದ” ಎಂದರು.

ನಿಜವೇ. ಬೆರಳಿಗೆ ಒರೆಸಿಹೋದರೆ ತೇವ ಒಳಗಿನದು; ವೈಪರಿಗೆ ಹೋದರೆ ಹೊರಗಿನದು. ಐವರ ಉಸಿರು, ಒದ್ದೆ ಬಟ್ಟೆಗಳ ಆವಿ, ಹೋಗಲು ದಾರಿಯಿಲ್ಲದೆ, ಮಳೆಗೆ ತಣ್ಣಗಾದ ಗಾಜಿನ ಮೇಲೆ ನೀರಾಗಿ ಕೂತಿತ್ತು. ಹೊರಗಾಳಿ ಬರುವಂತೆ ಗುಂಡಿ ತಿರುಗಿಸಿ, ಏಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ಬಿಟ್ಟೆವು. ಏಸಿಯ ತಣ್ಣನೆಯ ಸುರುಳಿ ಗಾಳಿಯ ತೇವವನ್ನು ಹಿಂಡಿ ತೆಗೆಯುತ್ತದೆ. ಚಳಿಗಾಲದಲ್ಲಿಯೂ ಅದಕ್ಕೆ ಈ ಉಪಯೋಗವುಂಟು. ಕೆಲವೇ ನಿಮಿಷಗಳಲ್ಲಿ ರಸ್ತೆ ಕಂಡಿತು.

ಪಂಚಗಣಿಯಲ್ಲಿ ರಾತ್ರಿ ತಂಗಿದೆವು. ಬೆಳಿಗ್ಗೆ ನೋಡಿದರೆ, ಯಾರೂ ಹತ್ತದ ಕಾರಿನ ಗಾಜು ಒಳಗೇ ಮತ್ತೆ ಬೆವೆತಿದೆ! ಈಗ ಯಾರ ಉಸಿರನ್ನು ದೂರುವುದು? ಕಾಲಡಿಯ ಚಾಪೆಯೆತ್ತಿ ಮುಟ್ಟಿದೆವು. ಮೇಲೆ ಒಣಗಿತ್ತು, ಕೆಳಗಿನ ಕಾರ್ಪೆಟ್ಟು ಹಿಂಡಿದರೆ ನೀರು ಬರುವಂತಿತ್ತು.

ವಸತಿಗೃಹದ ತಗಡಿನ ಮಾಡಿನಡಿ ಆಗತಾನೆ ಬಂದು ನಿಂತ ಪಕ್ಕದ ಕಾರಿನ ಹೊಟ್ಟೆಯಿಂದ ಏಸಿಯ ನೀರು ತೊಟ್ಟಿಕ್ಕುತ್ತಿತ್ತು. ನಮ್ಮ ಏಸಿಯನ್ನೂ ಹತ್ತು ನಿಮಿಷ ಓಡಿಸಿದೆವು. ಕೆಳಗೆ ಒಂದು ಹನಿಯಿಲ್ಲ. ಹಿಂಡಿದ ನೀರು ಹೊರಗೆ ಹೋಗದೆ ಒಳಗೇ ಇಳಿಯುತ್ತಿತ್ತು.

ಅಲ್ಲಿಯ ಮೆಕ್ಯಾನಿಕ್ಕು ಕೆಳಗೆ ಮಲಗಿ, ಬೆರಳು ಗಾತ್ರದ ರಬ್ಬರು ಕೊಳವೆಯೊಂದನ್ನು ಬಿಡಿಸಿ ತಂತಿಯಾಡಿಸಿದ. ಮಣ್ಣು, ಕೊಳೆತ ಎಲೆಯ ಚೂರು, ಹಿಂದೆಯೇ ಒಂದು ತಂಬಿಗೆ ನೀರು. ಕ್ವಾರ್ಟರ್ಸಿನ ಮರದ ನೆರಳಿಗೆ ವರ್ಷವಿಡೀ ಕಾರು ನಿಲ್ಲಿಸಿ, ಬಣ್ಣ ಉಳಿಸಿದೆವೆಂದು ಹೆಮ್ಮೆಪಡುತ್ತಿದ್ದವರು ನಾವೇ! ಕಾರ್ಪೆಟ್ಟಿನಡಿ ಹಳೆಯ ಪತ್ರಿಕೆ ತುರುಕಿ, ಬಾಗಿಲು ತೆರೆದಿಟ್ಟು, ಮಧ್ಯಾಹ್ನದವರೆಗೆ ಆರಿಸಿದೆವು.

ಆಮೇಲೆ ಹಳೆ ಮಹಾಬಳೇಶ್ವರ. ಪಂಚಗಂಗಾ ದೇವಾಲಯದಲ್ಲಿ ಕೃಷ್ಣೆ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿಯರ ನೀರು ಕಲ್ಲಿನ ಗೋಮುಖದಿಂದ ಬೀಳುತ್ತದೆ. ಅತ್ತೆಯವರು ಬಹಳ ಹೊತ್ತು ಬೊಗಸೆಯೊಡ್ಡಿ ನಿಂತರು. “ಇಷ್ಟ ಸಣ್ಣದು ನಮ್ಮೂರಿಗೆ ಬರೋದರಾಗ ಅಷ್ಟ ದೊಡ್ಡದಾಗತದ” ಎಂದು ಕಣ್ಣೊರೆಸಿಕೊಂಡರು. ಆ ಬಸ್ಸಿನ ನೆನಪಾಗಿ ನಮಗೂ ಗಂಟಲು ಕಟ್ಟಿತು.

ಊರಿಗೊಯ್ಯಲು ಒಂದು ಬಾಟಲಿ ತೀರ್ಥ ತುಂಬಿಕೊಂಡರು. ಕಾರು ಹತ್ತುವ ಮುಂಚೆ ನಾವು ಹೇಳಿದ್ದು ಒಂದೇ ಮಾತು: “ಅತ್ತೆಯವರೇ, ಮುಚ್ಚಳ ಬಿಗಿಯಾಗಿ ಹಾಕಿರಿ.”